ಬನಿಯನ್‌ಗೆ ಮೂಲೆ ಎಲ್ಲಿ?

ಹೋದ ವಾರ ನಮ್ಮ ಮೊಮ್ಮಗಳು ಫೋನಿನಲ್ಲಿ ಅಲ್ಲಿ ಇಲ್ಲಿ ಒತ್ತಿ, ತನ್ನ ಗೆಳತಿಯರಿಗೆಲ್ಲ ಒಂದೇ ಥರದ ಟೀ ಶರ್ಟ್ ಮಾಡಿಸಿದಳು. ಮನೆ ಬಾಗಿಲಿಗೇ ಡಬ್ಬ ಬಂತು. ಈ ಕೆಲಸ ನಾನೂ ಮಾಡಿದ್ದೇನೆ ಕಣೇ ಅಂದರೆ, ಹೂಂ ಹೂಂ ಅಂದು ಡಬ್ಬ ಎತ್ತಿಕೊಂಡು ಹೋದಳು. ಅದಕ್ಕೇ ಅವಳೇ ಕಲಿಸಿಕೊಟ್ಟ ಫೋನಿನಲ್ಲಿ, ಒಂದೇ ಬೆರಳಿನಲ್ಲಿ, ಇದನ್ನು ಒತ್ತುತ್ತಿದ್ದೇನೆ. ಓದಿ ಮುಗಿಸುವವರೆಗೆ ಅವಳಿಗೆ ಚಕ್ಕುಲಿ ಡಬ್ಬ ಸಿಗುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಕಾರ್ಖಾನೆಗಳ ಹಿಂಬದಿಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ನಾವು ಬಟ್ಟೆಯ ಮೇಲೆ ಅಕ್ಷರ ಅಚ್ಚು ಹಾಕುತ್ತಿದ್ದೆವು. ಹೆಚ್ಚಾಗಿ ಅಂಗಡಿಗಳ ಕೈಚೀಲ, ಸಂಘಗಳ ಬ್ಯಾನರ್ರು. ಕೆಲಸಕ್ಕೆ ಇದ್ದವರು ಮೇಸ್ತ್ರಿ ಮತ್ತು ನಾನು, ಇಬ್ಬರೇ. ಮಾಲೀಕರ ಮನೆ ಶೆಡ್ಡಿಗೆ ಅಂಟಿಕೊಂಡೇ ಇತ್ತು. ಅವರ ತಾಯಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದೆವು. ಒಲೆ ಮೇಲೆ ಬೇಳೆ ಇಟ್ಟು, ಅದು ಬೇಯುವಷ್ಟು ಹೊತ್ತು ಶೆಡ್ಡಿನ ಬಾಗಿಲಲ್ಲಿ ನಿಂತು ನಮ್ಮನ್ನು ನೋಡುವುದು ಅವರ ಪದ್ಧತಿ.

ನನ್ನ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಜ್ವರ ಅಂತ ಮಲಗಿದವರು ಏಳಲಿಲ್ಲ. ವಿಜಯನಗರದ ಬಾಡಿಗೆ ಮನೆಯಲ್ಲಿ ಅತ್ತೆ, ನಾನು, ಆಗಷ್ಟೇ ಮಾತು ಕಲಿಯುತ್ತಿದ್ದ ಮಗ. ಆಗ ನನಗೆ ತುಂಬಾ ದುಃಖವಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಏನೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಒಂದು ಥರ ಆಗುತ್ತದಲ್ಲ, ನಾನು ತಲೆಯಿಂದ ಕಾಲಿನವರೆಗೆ ಹಾಗಿದ್ದೆ. ಮಳೆ ಬಂದರೆ ನೆನೆಯುತ್ತಿದ್ದೆ, ನಿಂತರೆ ಒಣಗುತ್ತಿದ್ದೆ. ಮನೆಗೆ ಬಂದು ಅಳುವವರಿಗೆ ಕಾಫಿ ಮಾಡಿಕೊಡುತ್ತಿದ್ದೆ. ಸಕ್ಕರೆ ಸಾಕಾ ಅಂತ ಕೇಳಿದರೆ ಅವರು ಇನ್ನೂ ಜೋರಾಗಿ ಅಳುತ್ತಿದ್ದರು.

ಆಷಾಢದಲ್ಲಿ ಒಂದು ಬೆಳಿಗ್ಗೆ ಒಬ್ಬ ಹುಡುಗಿ ಶೆಡ್ಡಿಗೆ ಬಂದಳು. ಎತ್ತರದ ಆಳು, ಮಂಡಿಯಲ್ಲಿ ಒಣಗುತ್ತಿದ್ದ ಗಾಯ ಇರಬೇಕು, ಕುಂಟಿಕೊಂಡೇ ಬಂದಳು. ಹತ್ತಿರದ ಒಂದು ಕಾರ್ಖಾನೆಯಲ್ಲಿ ಟೆಂಪರರಿ ಕೆಲಸ ಅವಳದು. ಅಲ್ಲಿನ ಹೆಣ್ಣುಮಕ್ಕಳ ಕಬಡ್ಡಿ ತಂಡಕ್ಕೆ ಅವಳೇ ಕ್ಯಾಪ್ಟನ್ನು. ತಂಡಕ್ಕೆ ತೋಳಿರುವ ಬಿಳಿ ಬನಿಯನ್ ಬೇಕು, ಎದೆಯ ಮೇಲೆ ತಂಡದ ಹೆಸರು, ಬೆನ್ನಿಗೆ ನಂಬರು. ಟೀ ಶರ್ಟ್ ಅನ್ನುವ ಮಾತು ಆಗ ನಮ್ಮ ಶೆಡ್ಡಿನ ತನಕ ಬಂದಿರಲಿಲ್ಲ.

ಮಾಲೀಕರು ಇಷ್ಟು ಸಣ್ಣ ಆರ್ಡರು ತಮಗೆ ಕಟ್ಟುವುದಿಲ್ಲ ಅಂದರು. ಅವಳು ಹೋಗಲಿಲ್ಲ. ನಿಂತಲ್ಲೇ ನಿಂತು ವಿಷಯ ಹೇಳಿದಳು. ಊರಿನ ಕಾರ್ಖಾನೆಗಳ ನಡುವೆ ಪಂದ್ಯಾವಳಿ ಇದೆ. ಅದರಲ್ಲಿ ಚೆನ್ನಾಗಿ ಆಡಿದರೆ ಕೆಲಸ ಪರ್ಮನೆಂಟ್ ಮಾಡಿಸುತ್ತೇನೆ ಅಂತ ಕಾರ್ಖಾನೆಯ ಕ್ರೀಡಾ ಅಧಿಕಾರಿ ಹೇಳಿದ್ದಾರೆ. ಆಡದಿದ್ದರೆ ದೀಪಾವಳಿಗೆ ಟೆಂಪರರಿಗಳನ್ನೆಲ್ಲ ತೆಗೆಯುತ್ತಾರೆ. ನಂಬರು ಇರುವ, ಒಂದೇ ಥರದ ಬಟ್ಟೆ ಇಲ್ಲದ ತಂಡವನ್ನು ಅಂಕಣದೊಳಕ್ಕೇ ಬಿಡುವುದಿಲ್ಲ. ಹೋದ ವರ್ಷ ಇವರನ್ನು ಹಾಗೇ ಹೊರಗೆ ಕೂರಿಸಿದ್ದರಂತೆ.

"ಗೆಲ್ಲೋದು ಬಿಡೋದು ನಂಗೆ ಬಿಡಿ ಸಾರ್. ಒಳಗೆ ಹೋಗೋದಕ್ಕೆ ಬಟ್ಟೆ ಕೊಡಿ" ಅಂದಳು.

ಮಾಲೀಕರು ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ನನ್ನನ್ನು ನೋಡಿದರು. ನಾನು ಗೋಡೆ ನೋಡುತ್ತಿದ್ದೆ. ಆರ್ಡರು ತೆಗೆದುಕೊಂಡಾಯಿತು.

ಚಿಕ್ಕಪೇಟೆಯಿಂದ ಬನಿಯನ್ ಬಂದವು, ತಂಡಕ್ಕೆ ಬೇಕಾದಷ್ಟು ಮತ್ತು ಮೇಲೊಂದು. ಕೈಚೀಲಕ್ಕೆ ಅಚ್ಚು ಹಾಕುವುದು ಸುಲಭ. ಮರದ ಚೌಕಟ್ಟಿಗೆ ತೆಳು ರೇಷ್ಮೆ ಬಟ್ಟೆ ಬಿಗಿದಿರುತ್ತದೆ. ಅಕ್ಷರದ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಅದರ ನೇಯ್ಗೆಯ ಕಣ್ಣು ಮುಚ್ಚಿರುತ್ತದೆ. ಇದಕ್ಕೆ ಸ್ಕ್ರೀನು ಅಂತ ಹೆಸರು. ಅದನ್ನು ಚೀಲದ ಮೇಲಿಟ್ಟು, ಒಂದು ತುದಿಗೆ ಬಣ್ಣ ಸುರಿದು, ಮರದ ಹಿಡಿಗೆ ಕೂರಿಸಿದ ರಬ್ಬರ್ ಪಟ್ಟಿಯಿಂದ ಒಂದೇ ಸಮ ಎಳೆದರೆ ಮುಗಿಯಿತು. ಚೌಕಟ್ಟು ಅಲುಗದ ಹಾಗೆ ಮೇಸ್ತ್ರಿ ಹಿಡಿಯುತ್ತಿದ್ದರು, ನಾನು ಎಳೆಯುತ್ತಿದ್ದೆ.

ಆದರೆ ಬನಿಯನ್ ಚೀಲವಲ್ಲ, ಹಿಗ್ಗುತ್ತದೆ. ಬಣ್ಣ ಎದೆಯಿಂದ ಬೆನ್ನಿಗೆ ಇಳಿಯದ ಹಾಗೆ ಒಳಗೊಂದು ಹಲಗೆ ತೂರಿಸಿದೆವು. ಮೊದಲನೆಯದಕ್ಕೆ ತೂರಿಸಿದ ಹಲಗೆ ಅಗಲವಾಯಿತು. ಅಚ್ಚು ಸೊಗಸಾಗಿ ಬಂತು. ಹಲಗೆ ಎಳೆದ ಕೂಡಲೇ ಬಟ್ಟೆ ಮುದುರಿ, ಅಕ್ಷರಗಳೆಲ್ಲ ಚಳಿಗೆ ಮುದುಡಿದವರ ಹಾಗೆ ಒಂದಕ್ಕೊಂದು ಒತ್ತಿಕೊಂಡವು. ಬಣ್ಣ ಒಣಗುವ ಮುಂಚೆಯೇ ಅದನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೆಗೆದೆ. ಮೇಸ್ತ್ರಿ ಹಲಗೆಯ ಅಂಚು ಕೆತ್ತಿ ಸಣ್ಣ ಮಾಡಿದರು. ಆಮೇಲೆ ಸರಿಹೋಯಿತು.

ನಾವು ಬಳಸುತ್ತಿದ್ದ ಬಣ್ಣವನ್ನೂ ಸೀಮೆಎಣ್ಣೆಯಲ್ಲೇ ಕಲೆಸುತ್ತಿದ್ದುದು. ಚೀಲವಾದರೆ ಯಾರೂ ಮೂಸಿ ನೋಡುವುದಿಲ್ಲ. ಇದು ಮೈಮೇಲೆ ಹಾಕುವ ಬಟ್ಟೆ. ಒಣಗಿದ ಮೊದಲ ಬನಿಯನ್ನನ್ನು ಕ್ಯಾಪ್ಟನ್ನು ಮೂಗಿನ ಹತ್ತಿರ ಹಿಡಿದು, "ಸ್ಟೋವ್ ಹಾಕ್ಕೊಂಡಂಗಿದೆ ಅಕ್ಕಾ" ಅಂದಳು. ಹಾಗಾಗಿ ನಮ್ಮ ಕೆಲಸಕ್ಕೆ ಇಲ್ಲದ ಒಂದು ಹಂತ ಸೇರಿಸಬೇಕಾಯಿತು. ಅಚ್ಚು ಹಾಕಿ, ಒಣಗಿಸಿ, ಬಣ್ಣ ಕೂರಲು ಒಳಮಗ್ಗುಲಿನಿಂದ ಇದ್ದಿಲ ಇಸ್ತ್ರಿ ತಿಕ್ಕಿ, ಕೊನೆಗೆ ಬಿಸಿ ಸೋಡಾ ನೀರಿನಲ್ಲಿ ಒಗೆಯುವುದು.

ಆ ಕೊನೆಯ ಹಂತದ ವಿಷಯ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಇಸ್ತ್ರಿ ಆಯಿತು ಅಂದರೆ ಕೆಲಸ ಮುಗಿಯಿತು ಅಂತ ಅವರ ಲೆಕ್ಕ. ಅಂದು ಸಂಜೆ ನಾನು ಇಸ್ತ್ರಿ ಮುಗಿಸಿ, ಬನಿಯನ್‌ಗಳನ್ನು ಮಡಿಸಿ ಬುಟ್ಟಿಯಲ್ಲಿಟ್ಟು ಮನೆಗೆ ಹೋದೆ. ಅವರು ಅರಿಶಿನದ ಬಟ್ಟಲು ಹಿಡಿದು ಬಂದರು.

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಮ್ಮಲ್ಲಿ ಯಾರೂ ಮೈಗೆ ಹಾಕುವುದಿಲ್ಲ. ಸೀರೆಗೆ ಮೂಲೆ ಇದೆ, ಪಂಚೆಗೆ ಇದೆ, ಕರವಸ್ತ್ರಕ್ಕೂ ಇದೆ. ಬನಿಯನ್‌ಗೆ ಮೂಲೆ ಎಲ್ಲಿ? ದೊಡ್ಡಮ್ಮ ತಿರುಗಿಸಿ ಮುರುಗಿಸಿ ನೋಡಿರಬೇಕು. ಸಿಗಲಿಲ್ಲ. ಆಷಾಢ ಬೇರೆ, ಬಿಡುವ ಹಾಗಿಲ್ಲ. ಕೊನೆಗೆ ಕತ್ತಿನ ಹತ್ತಿರವೇ ಒಂದೊಂದಕ್ಕೂ ಧಾರಾಳವಾಗಿ ಒದ್ದೆ ಅರಿಶಿನ ಹಚ್ಚಿ, ಮೊದಲಿದ್ದ ಹಾಗೇ ಮಡಿಸಿಟ್ಟು ಹೋದರು.

ಬೆಳಿಗ್ಗೆ ಮೋಡ ಕವಿದು ಶೆಡ್ಡಿನೊಳಗೆ ಕತ್ತಲೆ. ನಾನು ಬುಟ್ಟಿಯನ್ನು ಹಾಗೇ ಎತ್ತಿ ಸೋಡಾ ನೀರಿನ ಬಾನಿಗೆ ಬೋರಲು ಹಾಕಿದೆ. ಅರಿಶಿನಕ್ಕೆ ಸೋಡಾ ತಾಗಿದರೆ ಏನಾಗುತ್ತದೆ ಅಂತ ಆರತಿ ತಟ್ಟೆಗೆ ಸುಣ್ಣ ಕಲೆಸಿದವರಿಗೆಲ್ಲ ಗೊತ್ತು. ನೀರು ಕೆಂಪಾಯಿತು. ಒಂದನ್ನು ಎತ್ತಿ ನೋಡಿದೆ. ಕತ್ತಿನ ಸುತ್ತ ರಕ್ತದ ಹಾಗೆ ಕಲೆ, ಅಕ್ಷರದ ಹತ್ತಿರದವರೆಗೆ ಇಳಿದಿತ್ತು. ಇನ್ನೊಂದನ್ನು ಎತ್ತಿದೆ, ಹಾಗೇ ಇತ್ತು.

ಮೇಸ್ತ್ರಿ ಬಂದು ನೋಡಿ, "ಏನಮ್ಮಾ ಇದು, ಇಡೀ ಟೀಮಿಗೇ ಕತ್ತು ಕುಯ್ದಂಗಿದೆ" ಅಂದರು.

ಮಾಲೀಕರಿಗೆ ಯಾರನ್ನು ಬೈಯಬೇಕು ಅಂತ ತಿಳಿಯಬೇಕಿತ್ತು. ಅರಿಶಿನ ಯಾರು ಹಚ್ಚಿದ್ದು ಅಂತ ಕೂಗಾಡಿದರು. ದೊಡ್ಡಮ್ಮ ಬಾಗಿಲಲ್ಲೇ ಇದ್ದರು.

"ನಾನೇ ಕಣೋ ಹಚ್ಚಿದ್ದು. ಮದುವೆ ಆಗ್ಬೇಕಾದ ಹುಡುಗೀರು ಹಾಕ್ಕೊಳ್ಳೋ ಬಟ್ಟೆ. ಯಾರ್ಯಾರೋ ಮುಟ್ಟಿರ್ತಾರೆ."

ಯಾರ್ಯಾರೋ ಅಂದರೆ ಗಂಡ ಸತ್ತ ನಾನೇ. ಮೇಸ್ತ್ರಿಯ ಹೆಂಡತಿ ಗಟ್ಟಿಮುಟ್ಟಾಗಿದ್ದರು, ಮೇಸ್ತ್ರಿ ಮುಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲ. ನನಗೆ ಬೇಜಾರಾಗಬೇಕಿತ್ತು ಅಂತ ಶೆಡ್ಡಿನಲ್ಲಿದ್ದವರೆಲ್ಲರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಬಾನಿಯ ನೀರು ಚೆಲ್ಲಲು ಹೋದೆ.

ಮೊದಲು ಹುಣಿಸೆ ನೀರಿನಲ್ಲಿ ಅದ್ದಿದೆ. ಕೆಂಪು ಹೋಗಿ ಮತ್ತೆ ಹಳದಿಯಾಯಿತು, ಅಷ್ಟಕ್ಕೇ ನಿಂತಿತು. ಹಳದಿ ಹೋಗಬೇಕಾದರೆ ಬಿಸಿಲು ಬೇಕು. ಬಿಸಿಲಿಗೆ ಅರಿಶಿನದ ಕಲೆ ತಾನಾಗಿ ಮಾಸುತ್ತದೆ. ಆ ವಾರ ಬೆಂಗಳೂರಿನಲ್ಲಿ ಸೂರ್ಯ ಇದ್ದ ಅನ್ನುವುದಕ್ಕೆ ಯಾವ ಗುರುತೂ ಇರಲಿಲ್ಲ. ಜಿಟಿಜಿಟಿ ಮಳೆ, ತಗಡಿನ ಮೇಲೆ ಅದರ ಸದ್ದು. ಮೇಸ್ತ್ರಿ ಬ್ಲೀಚಿಂಗ್ ಪೌಡರು ತಂದರು. ಅವಸರದಲ್ಲಿ ಗಟ್ಟಿಯಾಗಿ ಕಲೆಸಿ, ಮೇಲೊಂದು ಅಂತ ಇದ್ದ ಬನಿಯನ್ನಿಗೆ ಹಾಕಿದರು. ಹಳದಿ ಹೋಯಿತು. ಹಿಂಡುವಾಗ ಕತ್ತಿನ ನೂಲೂ ಹೋಯಿತು, ನನ್ನ ಬೆರಳು ತೂತಿನಿಂದ ಆಚೆ ಬಂತು. ಉಳಿದವಕ್ಕೆ ಅದನ್ನು ಮುಟ್ಟಿಸಲು ಯಾರಿಗೂ ಧೈರ್ಯವಾಗಲಿಲ್ಲ. ಹೊಸದು ತರೋಣವೆಂದರೆ ಚಿಕ್ಕಪೇಟೆಯಲ್ಲಿ ಆ ಅಳತೆಯದು ಮುಗಿದಿತ್ತು, ಮತ್ತೆ ತಿರುಪ್ಪೂರಿನಿಂದ ಬರಬೇಕಿತ್ತು.

ಮಧ್ಯಾಹ್ನ ಕ್ಯಾಪ್ಟನ್ನು ಬಂದಳು. ಪಂದ್ಯಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಅವಳು ಬನಿಯನ್‌ಗಳನ್ನು ಒಂದೊಂದಾಗಿ ನೋಡಿದಳು. ಕಲೆ ಒಂದರ ಎಡಕ್ಕೆ, ಒಂದರ ಬಲಕ್ಕೆ, ಒಂದರ ಕತ್ತಿನ ನಡುವಿಗೆ. ಮಾಲೀಕರು ಸಮಾಧಾನ ಹೇಳಲು ಹೋಗಿ, ದೂರದಿಂದ ಕಾಣಿಸುವುದಿಲ್ಲ ಅಂದರು. ಅವಳು ಒಂದನ್ನು ಹಿಡಿದುಕೊಂಡು ಶೆಡ್ಡಿನ ಆ ತುದಿಗೆ ಹೋಗಿ ನಿಂತಳು. ಚೆನ್ನಾಗಿ ಕಾಣಿಸುತ್ತಿತ್ತು.

"ಇದನ್ನ ಹಾಕ್ಕೊಂಡು ಹೋದ್ರೆ ಗಲೀಜು ಅಂತ ಹೊರಗಡೆ ನಿಲ್ಲಿಸ್ತಾರೆ" ಅಂದಳು. ಅಳಲಿಲ್ಲ. ಆಮೇಲೆ ಬಣ್ಣದ ಡಬ್ಬದ ಮೇಲೆ ಕೂತುಬಿಟ್ಟಳು. ಅವಳು ಕೂತ ರೀತಿ ನನಗೆ ಗುರುತು ಸಿಕ್ಕಿತು. ನಾನು ಮನೆಯಲ್ಲಿ ಹಾಗೇ ಕೂರುತ್ತಿದ್ದೆ.

ಏನಾದರೂ ಹೇಳಬೇಕು ಅಂತ ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂತು. "ಕಲೆ ತೆಗೆಯೋಕೆ ಆಗಲ್ಲ. ಎಲ್ಲಾ ಕಡೆ ಮಾಡಬಹುದು. ಭುಜ, ತೋಳು ಪೂರ್ತಿ ಅರಿಶಿನದಲ್ಲಿ ಅದ್ದಿದ್ರೆ ಕಲೆ ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ."

ಮಾಲೀಕರು ಆಮೇಲೆ ಏನಾಗುತ್ತದೆ ಅಂದರು. ಆಮೇಲೆ ಮಾಸುತ್ತದೆ, ಸೋಪು ಹಾಕಿದರೆ ಕೆಂಪಾಗುತ್ತದೆ, ಪಂದ್ಯ ಮುಗಿಯುವ ತನಕ ಒಗೆಯದಿದ್ದರಾಯಿತು ಅಂದೆ. ಅವರಿಗೆ ಬೇರೆ ದಾರಿ ಇರಲಿಲ್ಲ. ದೊಡ್ಡಮ್ಮನಿಗೆ ಮಾತ್ರ ಒಂದು ಪ್ರಶ್ನೆ ಇತ್ತು, ಅದನ್ನು ಅವರು ಕೇಳದೆಯೂ ಎಲ್ಲರಿಗೂ ಕೇಳಿಸಿತು. ಯಾರು ಅದ್ದುವುದು? ಹುಳಿಗೆ ಹಾಕುವ ಅರಿಶಿನಕ್ಕೆ ಯಾರ ತಕರಾರೂ ಇರಲಿಲ್ಲ, ಮನೆಯಲ್ಲಿ ದಿನಾ ಹಾಕುತ್ತಿದ್ದೆ. ಗಂಡ ಸತ್ತವಳು ಮೊಣಕೈವರೆಗೆ ಕೈ ಹಳದಿ ಮಾಡಿಕೊಳ್ಳುವುದು ಬೇರೆ. ನಾನೇ ಅದ್ದುತ್ತೇನೆ ಅಂತ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿದರು. ಬಾನಿಯ ಮುಂದೆ ಕೂರಲು ಮಂಡಿ ಬಗ್ಗಲಿಲ್ಲ. ಮೇಸ್ತ್ರಿ ಸ್ಟೂಲು ಹುಡುಕಲು ಹೋದರು.

ಆಗ ಕ್ಯಾಪ್ಟನ್ನು ಎದ್ದು ನಿಂತಳು. "ಅಜ್ಜಿ, ಅಕ್ಕ ಮಾಡ್ಲಿ. ಹಾಕ್ಕೊಳ್ಳೋಳು ನಾನು. ಒಳ್ಳೇದಾದ್ರೂ ಕೆಟ್ಟದ್ದಾದ್ರೂ ನಂಗೇ ತಾನೇ ಆಗೋದು."

ದೊಡ್ಡಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಬೇಳೆ ಹತ್ತಿತೋ ಏನೋ ಅಂತ ಹೇಳಿ ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಅಡುಗೆಮನೆಯ ಅರಿಶಿನದ ಡಬ್ಬ ಪೂರ್ತಿಯಾಗಿ ಬಂತು. ಅದನ್ನು ಮೇಜಿನ ಮೇಲೆ ಕುಕ್ಕಿ, ಹೊರಳಿ ನೋಡದೆ ಹೋದರು.

ಅದ್ದುವುದು ಹೇಳಿದಷ್ಟು ಸುಲಭವಾಗಲಿಲ್ಲ. ಬನಿಯನ್‌ಗಳನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಹಾಕಿದೆ, ಬಣ್ಣ ಹಿಡಿಯಲಿ ಅಂತ. ಅರಿಶಿನ ಕುದಿಸಿ, ಗಸಿ ಉಳಿಯದ ಹಾಗೆ ಬಟ್ಟೆಯಲ್ಲಿ ಸೋಸಿದೆ. ಕುದಿಯುವ ನೀರಿಗೆ ಬನಿಯನ್ ಹಾಕಿದರೆ ಕುಗ್ಗುತ್ತದೆ, ಆದ್ದರಿಂದ ಕೈ ತಡೆಯುವಷ್ಟು ಬಿಸಿಗೆ ಇಳಿಸಿದೆ. ಮೊದಲನೆಯದನ್ನು ತಲೆಕೆಳಗು ಹಿಡಿದು ಭುಜದವರೆಗೆ ಮುಳುಗಿಸಿದೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಹಳದಿ ನೂಲಿನಲ್ಲಿ ಮೇಲೇರತೊಡಗಿತು. ಅಕ್ಷರದ ಹತ್ತಿರ ಬರುವಷ್ಟರಲ್ಲಿ ಎಳೆದುಬಿಟ್ಟೆ. ಅಂಚು ನೆನೆದ ಗೋಡೆಯ ಹಾಗೆ ಕಾಣುತ್ತಿತ್ತು.

ಅದನ್ನು ತಡೆಯುವುದು ಹೇಗೆ ಅಂತ ಮೇಸ್ತ್ರಿ, ನಾನು ಇಬ್ಬರೂ ನಿಂತು ನೋಡಿದೆವು. ದಾರದಲ್ಲಿ ಕಟ್ಟಿದೆ, ದಾರವೇ ನೀರು ಕುಡಿದು ದಾಟಿಸಿತು. ಮೇಸ್ತ್ರಿ ಹೊರಗೆ ಹೋಗಿ, ಸೈಕಲ್ ಅಂಗಡಿಯಿಂದ ಹಳೇ ಟ್ಯೂಬು ತಂದು ಪಟ್ಟಿ ಪಟ್ಟಿ ಕತ್ತರಿಸಿದರು. ಬನಿಯನ್ನನ್ನು ಅಕ್ಷರದ ಮೇಲ್ಗಡೆ ಒಟ್ಟಾಗಿ ಮುದುರಿ ಹಿಡಿದು, ಆ ರಬ್ಬರಿನಿಂದ ಕಟ್ಟಾಗಿ ಸುತ್ತಿದೆವು. ಅವರು ಬಿಗಿಯುವುದು, ನಾನು ಅದ್ದುವುದು. ಹಳದಿ ರಬ್ಬರಿನವರೆಗೆ ಬಂದು ನಿಂತಿತು. ಬಿಚ್ಚಿದಾಗ ಅಂಚು ಗೆರೆ ಎಳೆದಂತೆ ಇರಲಿಲ್ಲ, ಸಣ್ಣ ಸಣ್ಣ ಅಲೆಯಾಗಿತ್ತು. ಬೇಕೆಂದೇ ಮಾಡಿದ ಹಾಗಿತ್ತು. ಮೊದಲನೆಯದನ್ನೂ ಕಟ್ಟಿ ಮತ್ತೆ ಅದ್ದಿದೆ. ಎಲ್ಲವನ್ನೂ ಹುಣಿಸೆ ನೀರಿನಲ್ಲಿ ಜಾಲಿಸಿ ಶೆಡ್ಡಿನೊಳಗೇ ತೂಗುಹಾಕಿದೆವು. ಅಲ್ಲಿಯವರೆಗೆ ಬೈಸಿಕೊಂಡಿದ್ದ ಮೋಡ ಈಗ ನಮ್ಮ ಪರವಾಯಿತು, ಬಿಸಿಲಿದ್ದರೆ ಹಳದಿ ಮಾಸುತ್ತಿತ್ತು.

ಮನೆಗೆ ಹೋದಾಗ ಅತ್ತೆ ನನ್ನ ಕೈ ನೋಡಿದರು. ಆ ರಾತ್ರಿ ಅವರೇ ಮಗುವಿಗೆ ಊಟ ಮಾಡಿಸಿದರು.

ಪಂದ್ಯದ ದಿನ, ಬಣ್ಣ ಬಿಡುತ್ತದೋ ನೋಡಿಕೊಂಡು ಬಾ ಅಂತ ಮಾಲೀಕರು ನನ್ನನ್ನು ಕಳಿಸಿದರು. ಬಿಟ್ಟರೆ ಏನು ಮಾಡಬೇಕು ಅಂತ ಹೇಳಲಿಲ್ಲ. ರಾಜಾಜಿನಗರದ ಒಂದು ಬಯಲು, ಮಣ್ಣು ಒದ್ದೆ. ಹುಡುಗಿಯರು ಸಾಲಾಗಿ ಬಂದರು. ಭುಜ ತೋಳು ಹಳದಿ, ಮೈ ಬಿಳಿ, ನೀಲಿ ಅಕ್ಷರ. ಸಾಲಿನ ಹಿಂದೆ ನಿಂತ ಒಬ್ಬರು, ಈ ತಂಡದವರು ಎಲ್ಲಿ ಹೊಲಿಸಿದರೋ ಅಂದದ್ದು ಕೇಳಿಸಿತು. ಅಂಕಣದೊಳಕ್ಕೆ ಬಿಟ್ಟರು.

ತೊಂದರೆ ಆಮೇಲೆ ಶುರುವಾಯಿತು. ಕ್ಯಾಪ್ಟನ್ನು ಉಸಿರು ಕಟ್ಟಿ ಒಳಗೆ ನುಗ್ಗುತ್ತಿದ್ದಳು, ಎದುರಿನವರು ಅವಳ ಭುಜಕ್ಕೆ ಕೈ ಹಾಕುತ್ತಿದ್ದರು. ಹಿಡಿದವರ ಅಂಗೈಯೆಲ್ಲ ಹಳದಿ. ಆ ಕೈಯಲ್ಲಿ ಬೆವರು ಒರೆಸಿಕೊಂಡರೆ ಕೆನ್ನೆಯೂ ಹಳದಿ. ನೋಡನೋಡುತ್ತ ಎದುರು ತಂಡ ಮದುವೆಯ ಹಿಂದಿನ ದಿನದ ಮದುಮಕ್ಕಳ ಹಾಗಾಯಿತು. ನೋಡುವವರು ನಗತೊಡಗಿದರು. ಅವರ ನಾಯಕಿ ಆಟ ನಿಲ್ಲಿಸಿ, ಇವರು ಮೈಗೆ ಏನೋ ಬಳಿದುಕೊಂಡು ಬಂದಿದ್ದಾರೆ ಅಂತ ರೆಫರಿಗೆ ದೂರು ಕೊಟ್ಟಳು. ಕಬಡ್ಡಿಯಲ್ಲಿ ಜಾರುವಂಥದ್ದೇನಾದರೂ ಬಳಿದುಕೊಂಡರೆ ಹೊರಗೆ ಹಾಕುತ್ತಾರೆ.

ರೆಫರಿ ಗಂಭೀರವಾದ ಮನುಷ್ಯ. ಕ್ಯಾಪ್ಟನ್ನಿನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ, ಬೆರಳನ್ನು ಮೂಸಿದರು. ಇನ್ನೊಂದು ಸಲ ಮೂಸಿದರು.

"ಏನಮ್ಮಾ, ಅರಿಶಿನಾನಾ?"

"ಹೊಸ ಬಟ್ಟೆ ಸಾರ್" ಅಂದಳು ಅವಳು. "ನಿಮ್ಮನೇಲಿ ಹಚ್ಚಲ್ವಾ?"

"ನಮ್ಮನೇಲಿ ಇಷ್ಟೊಂದು ಹಚ್ಚಲ್ಲಮ್ಮ."

ಅವರು ಮತ್ತೊಮ್ಮೆ ಉಜ್ಜಿ ನೋಡಿದರು. ಜಾರುತ್ತಿರಲಿಲ್ಲ. ಬದಲಿಗೆ ಒರಟಾಗಿ, ಹಿಡಿಯುವವರಿಗೇ ಅನುಕೂಲವಾಗಿತ್ತು. ಅದನ್ನೇ ಎದುರಿನವರಿಗೆ ಹೇಳಿ, ಸೀಟಿ ಊದಿದರು. ಆ ಪಂದ್ಯ ನಮ್ಮವರು ಗೆದ್ದರು. ಮುಂದಿನದರಲ್ಲಿ ಸೋತರು. ಕ್ರೀಡಾ ಅಧಿಕಾರಿ ಛತ್ರಿ ಹಿಡಿದು ನಿಂತು ಎರಡನ್ನೂ ನೋಡಿ, ಆಯ್ತು ನೋಡೋಣ ಅಂತ ಹೇಳಿ ಹೋದರಂತೆ. ನಾನು ಮಾಲೀಕರಿಗೆ ಬಣ್ಣ ಬಿಡುತ್ತದೆ, ಆದರೆ ಎದುರಿನವರ ಮೇಲೆ ಬಿಡುತ್ತದೆ ಅಂತ ವರದಿ ಒಪ್ಪಿಸಿದೆ.

ಅದಾದ ಮೇಲೆ ಗಣಪತಿ ಹಬ್ಬ ಬಂತು, ಹೋಯಿತು. ಸಂಘಗಳ ಬ್ಯಾನರ್ರುಗಳ ಕಾಲ. ಚೌಕಟ್ಟು ಇಡು, ಬಣ್ಣ ಸುರಿ, ಎಳೆ, ಎತ್ತು, ಮುಂದಿನದು. ಆ ಹುಡುಗಿಯ ವಿಷಯ ಏನಾಯಿತು ಅಂತ ನಾನು ಯೋಚಿಸಲಿಲ್ಲ, ಯಾರನ್ನೂ ಕೇಳಲೂ ಇಲ್ಲ.

ದೀಪಾವಳಿಗೆ ಇನ್ನೇನು ಕೆಲವೇ ದಿನ ಇದ್ದಾಗ ಅವಳು ಬಂದಳು. ಶಿಫ್ಟು ಮುಗಿಸಿ ನೇರವಾಗಿ ಬಂದಿದ್ದಳು, ಜಡೆ ಬಿಚ್ಚಿಹೋಗಿತ್ತು. ಮಾಲೀಕರಿಗೆ ನಮಸ್ಕಾರ ಹೇಳಲಿಲ್ಲ, ಮೇಸ್ತ್ರಿಯನ್ನು ನೋಡಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಮೇಜಿನ ಹತ್ತಿರ ಬಂದು ನಿಂತಳು.

"ಅಕ್ಕಾ, ಆಯ್ತು. ಪರ್ಮನೆಂಟ್ ಆಯ್ತು."

ನಾನು ಒಳ್ಳೇದಾಯ್ತಮ್ಮ ಅಂದೆ. ಅವಳು ಇನ್ನೂ ಏನೇನೋ ಹೇಳುತ್ತಿದ್ದಳು, ತಂಡದಲ್ಲಿ ಮೂವರಿಗೆ ಆಗಿದೆ, ಉಳಿದವರದು ಗೊತ್ತಿಲ್ಲ, ಅಪ್ಪನಿಗೆ ಇನ್ನೂ ಹೇಳಿಲ್ಲ, ಮೊದಲು ಇಲ್ಲಿಗೇ ಬಂದೆ. ನಾನು ಹೂಂ ಅನ್ನುತ್ತ ಮುಂದಿನ ಚೀಲ ಮೇಜಿನ ಮೇಲೆ ಹಾಸಿ, ಸ್ಕ್ರೀನು ಇಟ್ಟು, ಬಣ್ಣ ಎಳೆದೆ. ಚೌಕಟ್ಟು ಹಿಡಿದಿದ್ದ ಮೇಸ್ತ್ರಿಯ ಕಣ್ಣೂ ಅವಳ ಮೇಲೇ ಇತ್ತು. ಎತ್ತಿ ನೋಡಿದರೆ ಅಂಗಡಿಯ ಹೆಸರು ತಲೆಕೆಳಗಾಗಿತ್ತು, ಅದೂ ಅರ್ಧ ಚೀಲದ ಮೇಲೆ, ಅರ್ಧ ಮೇಜಿನ ಮೇಲೆ.

ಅಲ್ಲಿಗೆ ಸೇರಿದಾಗಿನಿಂದ ನನ್ನ ಕೈಯಲ್ಲಿ ಒಂದು ಚೀಲವೂ ಹಾಗೆ ಕೆಟ್ಟಿರಲಿಲ್ಲ. ಮಾಲೀಕರು ಎದ್ದು ಬಂದು, ಕಣ್ಣು ಎಲ್ಲಿಟ್ಟಿದ್ದೀಯಮ್ಮ ಅಂತ ಬೈದರು. ಚೆನ್ನಾಗಿಯೇ ಬೈದರು. ಬಹಳ ದಿನದ ಮೇಲೆ ನನಗೆ ಬೈಗುಳ ತಾಗಿತು. ಕಿವಿ ಬಿಸಿಯಾಯಿತು. ನಾನು ನಗು ಕಾಣದ ಹಾಗೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಿಂತೆ. ಅಳುತ್ತಿದ್ದೇನೆ ಅಂತ ಅವರು ಸುಮ್ಮನಾದರು.